ಅಂಗಳದಲ್ಲಿ ಪಾಸಾದ ಠರಾವು

ಜನವರಿ ೪, ೧೯೪೬

ಇವತ್ತು ಬೆಳಿಗ್ಗೆ ರೊಟ್ಟಿ ತಿನ್ನುತ್ತಿರುವಾಗ ನಮ್ಮ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟರು.

ಯಾರ ಮುಂದೆ ಹೇಳಿಕೊಳ್ಳಲಿ? ಇಷ್ಟು ದಿನ ಮನಸ್ಸಿಗೆ ಬಂದದ್ದನ್ನೆಲ್ಲ ನೆಗೆಣ್ಣಿ ಲೀಲಾಕ್ಷಿಗೆ ಹೇಳುತ್ತಿದ್ದೆ. ಈಗ ಅವಳು ಆ ಪಕ್ಷ, ನಾನು ಈ ಪಕ್ಷ. ಅದಕ್ಕೇ ವಿಮಾ ಕಂಪನಿಯವರು ಇವರಿಗೆ ಕೊಟ್ಟ ಡೈರಿಯನ್ನು ನಾನೇ ತೆಗೆದುಕೊಂಡು ಕೂತಿದ್ದೇನೆ. ಇವರಂತೂ ಅದನ್ನು ಬಿಚ್ಚಿಯೂ ನೋಡಿಲ್ಲ. ಬೈಲಹೊಂಗಲದ ಕನ್ನಡ ಸಾಲೆ ಬಿಟ್ಟ ಮೇಲೆ ನಾನು ಧೋಬಿಯ ಬಟ್ಟೆಯ ಲೆಕ್ಕ ಬಿಟ್ಟು ಬೇರೇನೂ ಬರೆದವಳಲ್ಲ. ತಪ್ಪಾದರೆ ಆಗಲಿ, ನೋಡುವವರು ಯಾರು?

ಹೊಸ ಪುಸ್ತಕ, ಆದ್ದರಿಂದ ಬುಡದಿಂದಲೇ ಬರೆಯುತ್ತೇನೆ. ಅಣ್ಣ ಎಂದರೆ ನಮ್ಮ ಯಜಮಾನರು, ಈರಬಸಪ್ಪನವರು. ಪುಣೆಯ ಭವಾನಿ ಪೇಠದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಅಂಗಡಿ. ಹೋದ ವರ್ಷ ಚುನಾವಣೆಗೆ ನಿಂತು ನಗರಸಭೆಯ ಸಭಾಸದರಾದರು. ತಮ್ಮ ಎಂದರೆ ಮೈದುನ ಮುರುಗೆಪ್ಪ. ಅದೇ ನಗರಸಭೆಯಲ್ಲಿ ಕಾರಕೂನ, ಸಾಲದ್ದಕ್ಕೆ ನೌಕರರ ಸಂಘದ ಕಾರ್ಯದರ್ಶಿ. ಒಂದೇ ವಾಡೆ, ಒಂದೇ ಒಲೆ. ಇಲ್ಲಿತನಕ ಒಂದೇ ಮಾತೂ ಇತ್ತು.

ನೌಕರರು ತುಟ್ಟಿಭತ್ಯೆ ಬೇಕೆಂದು ಅರ್ಜಿ ಕೊಟ್ಟಿದ್ದಾರೆ. ಪಗಾರದ ಮೇಲೆ ನೂರಕ್ಕೆ ಇಪ್ಪತ್ತೈದು. ನಿನ್ನೆ ಹಣಕಾಸು ಸಮಿತಿಯಲ್ಲಿ ಇವರು ಆಗುವುದಿಲ್ಲ ಎಂದು ಹೇಳಿ ಬಂದರು.

"ಲಡಾಯಿ ಮುಗದು ನಾಕೈದು ತಿಂಗಳಾತು, ಜೋಳದ ಧಾರಣಿ ಇಳದದೇನಣ್ಣಾ?" ಎಂದ ಮೈದುನ.

"ಖಜಾನಿ ಖಾಲಿ ಅದ. ಕೊಡಬೇಕಂದ್ರ ಊರಾಗ ಬರೂ ಮಾಲಿನ ಮ್ಯಾಲ ಜಕಾತಿ ಏರಿಸಬೇಕು. ಒಂದು ದುಡ್ಡು ಜಕಾತಿ ಏರಸಂಗಿಲ್ಲ ಅಂತ ಇಡೀ ಪೇಠಿಗೆ ಮಾತು ಕೊಟ್ಟು ಆರಿಸಿ ಬಂದೇನಿ ನಾ."

"ಹಂಗಾರ ನಿನ್ನ ಮಾತು ದೊಡ್ಡದು, ನಮ್ಮ ಹೊಟ್ಟಿ ಸಣ್ಣದು."

"ನನ್ನ ರೊಟ್ಟಿ ತಿಂದು ನನಗs ಭಾಷಣ ಮಾಡಬ್ಯಾಡ."

ಅಷ್ಟೇ. ಮೈದುನ ಅರ್ಧ ರೊಟ್ಟಿ ಬಿಟ್ಟು ಎದ್ದ. ಇವರೂ ಎದ್ದರು. ಅತ್ತೆಯವರು ಮಾತ್ರ ಎರಡೂ ತಾಟಿನ ಮಿಕ್ಕಿದ ರೊಟ್ಟಿ ಒಂದೆಡೆ ಮಾಡಿ ಸಂಜೆ ಬೆಳ್ಳುಳ್ಳಿ ಹಾಕಿ ಕುಟ್ಟಿ ಮುಟಗಿ ಮಾಡಲು ತೆಗೆದಿಟ್ಟರು.

ಮುನ್ಸಿಪಾಲಿಟಿಯ ವಿಷಯ ನನಗೆ ತಿಳಿಯುವುದಿಲ್ಲ. ಊಟ ಬಿಟ್ಟು ಎದ್ದದ್ದು ಮಾತ್ರ ಸರಿಯಲ್ಲ.

ಜನವರಿ ೭

ಮಾತು ಬಿಟ್ಟವರು ಸುಮ್ಮನೆ ಇದ್ದಾರೆ ಎಂದುಕೊಂಡರೆ ಅದು ಸುಳ್ಳು. ಮೊದಲಿಗಿಂತ ಹೆಚ್ಚು ಮಾತಾಡುತ್ತಾರೆ, ನಮ್ಮ ಮೂಲಕ.

ಮಧ್ಯಾಹ್ನ ಇವರು ತಲೆ ಎತ್ತದೆ, "ಚನ್ನವ್ವಾ, ಕಾರ್ಯದರ್ಶಿಗಳಿಗೆ ಹೇಳು, ಶೇಂಗಾ ಚಟ್ನಿ ಈ ಕಡೆ ಸರಸ್ರಿ ಅಂತ" ಎಂದರು. ಚಟ್ನಿಯ ಬಟ್ಟಲು ಮೈದುನನ ಮೊಣಕಾಲಿನ ಹತ್ತಿರವೇ ಇತ್ತು.

ಅವನು, "ವೈನಿ, ಸಭಾಸದರಿಗೆ ಕೇಳ್ರಿ, ಚಟ್ನಿ ಸರಸೂದಕ್ಕ ಸಮಿತಿ ಮಂಜೂರಿ ಸಿಕ್ಕದೇನು ಅಂತ" ಎಂದ.

ಲೀಲಾಕ್ಷಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಅತ್ತೆಯವರೇ ಎದ್ದು ಬಟ್ಟಲು ಎತ್ತಿ ತಮ್ಮ ತಾಟಿಗೆ ಪೂರಾ ಸುರುವಿಕೊಂಡರು. "ಮಂಜೂರಾತು" ಎಂದರು.

ಜನವರಿ ೯

ನಮ್ಮ ಹಿತ್ತಲ ಗಲ್ಲಿ ಗುಡಿಸುವ ನಗರಸಭೆಯ ಹೆಂಗಸು ಬಂದಿತ್ತು. ದಿನದಂತೆ ಹಿತ್ತಲ ಬಾಗಿಲಲ್ಲಿ ನಿಂತು ಮೇಲಿನಿಂದ ರೊಟ್ಟಿ ಅದರ ಸೆರಗಿಗೆ ಹಾಕಿದೆ. ನೀವು ಕೆಲಸ ನಿಲ್ಲಿಸಿ ಸಂಪು ಮಾಡುತ್ತೀರಂತೆ, ನಿಜವೇನು ಎಂದು ಮರಾಠಿಯಲ್ಲಿ ಕೇಳಿದೆ. ಅದು ಪೊರಕೆ ಬಗಲಲ್ಲಿ ಹಿಡಿದು ಗಟ್ಟಿಯಾಗಿ ನಕ್ಕಿತು. "ಬಾಯೀ, ಕೇಳಬೇಕಾದವರು ಮನೆಯೊಳಗೇ ಇಬ್ಬರಿದ್ದಾರೆ, ನನ್ನನ್ನು ಕೇಳುತ್ತೀರಲ್ಲ!"

ಗಲ್ಲಿಯವರೆಗೆ ಹೋಗಿದೆ ನಮ್ಮ ಮನೆಯ ಸುದ್ದಿ! ನಾಚಿಕೆ ಆಯಿತು. ಹೆಸರು ರಂಗೂಬಾಯಿಯಂತೆ. ಆರು ವರ್ಷದಿಂದ ನೋಡುತ್ತಿದ್ದೇನೆ, ಕೇಳಿದ್ದು ಇವತ್ತೇ.

ಜನವರಿ ೧೪

ಸಂಕ್ರಮಣ. ಎಳ್ಳು ಬೆಲ್ಲ ಕೊಟ್ಟು ಸವಿಯಾಗಿ ಮಾತಾಡಬೇಕೆಂದು ಕೇಳಿಕೊಳ್ಳುವ ದಿನ. ಕುಸುರೆಳ್ಳು ಮಾಡಲು ಲೀಲಾಕ್ಷಿ ಮೂರು ದಿನ ಬೆರಳು ಸುಟ್ಟುಕೊಂಡಳು. ಒಂದೊಂದು ಕಾಳೂ ಮಲ್ಲಿಗೆಯ ಮೊಗ್ಗಿನಂತೆ ಆಗಿತ್ತು.

ಮೈದುನ ಅಣ್ಣನ ಕಾಲು ಮುಟ್ಟಿ ಎಳ್ಳು ಕೊಟ್ಟ. ಇವರು ತೆಗೆದುಕೊಂಡು ಅವನ ತಲೆಯ ಮೇಲೆ ಕೈ ಇಟ್ಟರು. ನಾವು ಮೂವರು ಹೆಂಗಸರು ಬಾಗಿಲಿಗೆ ಬಂದು ನಿಂತೆವು. ಇವರು ಕೆಮ್ಮಿದರು. ಅವನು ಗೋಡೆ ನೋಡಿದ. ಇಬ್ಬರೂ ತಂತಮ್ಮ ಕೋಣೆಗೆ ಹೋದರು.

"ಬಾಯಿ ಸಿಹಿ ಆತು. ಮಾತು ಯಾವ ಸಂಕ್ರಮಣಕ್ಕೋ?" ಎಂದರು ಅತ್ತೆಯವರು.

ಜನವರಿ ೧೭

ರೇಷನ್ ಅಂಗಡಿಯ ಮುಂದೆ ಸಾಲು ಹಚ್ಚಿ ನಿಂತಿದ್ದೆ. ನನ್ನ ಮುಂದೆ ಯಾರೋ ವಕೀಲರ ಮನೆಯ ಅಡಿಗೆಯವ, ಹಿಂದೆ ರಂಗೂಬಾಯಿ. ಕಾರ್ಡು ನೋಡಿ ತಲೆಗೆ ಇಷ್ಟು ಎಂದು ಅಳೆದು ಕೊಡುತ್ತಾರೆ. ವಕೀಲರಿಗೂ ತಲೆಗೆ ಅಷ್ಟೇ, ರಂಗೂಬಾಯಿಗೂ ತಲೆಗೆ ಅಷ್ಟೇ.

ಮನೆಗೆ ಬಂದು ಜೋಳ ಹಸನು ಮಾಡುತ್ತ ಅದೇ ತಲೆಯಲ್ಲಿ ತಿರುಗುತ್ತಿತ್ತು. ನೂರಕ್ಕೆ ಇಪ್ಪತ್ತೈದು ಎಂದರೆ ಇಪ್ಪತ್ತು ರೂಪಾಯಿ ಪಗಾರದ ರಂಗೂಬಾಯಿಗೆ ಐದು. ನೂರು ರೂಪಾಯಿಯ ಹೆಡ್ ಕ್ಲಾರ್ಕನಿಗೆ ಇಪ್ಪತ್ತೈದು. ಜೋಳ ಇಬ್ಬರಿಗೂ ಒಂದೇ ಧಾರಣೆಗೆ ತುಟ್ಟಿಯಾಗಿದೆ.

ಲೀಲಾಕ್ಷಿಗೆ ಹೇಳಿದೆ. ಪಕ್ಷ ಗಿಕ್ಷ ಮರೆತುಹೋಗಿತ್ತು. "ರೇಷನ್ ಹಂಗs ಭತ್ತೇನೂ ಎಲ್ಲಾರಿಗೂ ಒಂದs ಅಳತಿ ಕೊಟ್ರ ಆಗೂದಿಲ್ಲೇನ? ಒಟ್ಟು ಖರ್ಚೂ ಕಡಿಮಿ ಬೀಳತದ."

ಅವಳು ಮೊರ ಹಿಡಿದುಕೊಂಡೇ ನಿಂತಳು. "ಅಕ್ಕಾ, ಹಂಗ ಮಾಡಿದ್ರ ನಮ್ಮವರಿಗೆ ಸಿಗೂದು ಅರ್ಧಕ್ಕರ್ಧ ಇಳೀತದಲ್ಲ."

ಹೌದು, ಅದು ನನಗೆ ಹೊಳೆದಿರಲೇ ಇಲ್ಲ. ಹೇಳಬಾರದಿತ್ತು. ಆದರೆ ಸ್ವಲ್ಪ ಹೊತ್ತಿನ ಮೇಲೆ ಅವಳೇ, "ರಾತ್ರಿ ಹೇಳಿ ನೋಡ್ತೀನಿ" ಎಂದಳು.

ಜನವರಿ ೧೮

ಹೇಳಿದಳಂತೆ. ಮೈದುನ ಬಿದ್ದು ಬಿದ್ದು ನಕ್ಕನಂತೆ. ನಾನೂ ಇವರಿಗೆ ಹೇಳಿದೆ. ಇವರು ನಗಲೂ ಇಲ್ಲ, ಪೇಪರು ಓದಿದರು.

ಜನವರಿ ೨೭

ಇವತ್ತು ನಮ್ಮ ಮನೆಯಲ್ಲಿ ಅರಿಶಿಣ ಕುಂಕುಮ. ಕೈ ನೋಯುತ್ತಿದೆ, ಆದರೂ ಎಲ್ಲ ಬರೆಯಬೇಕು.

ಪುಣೆಯಲ್ಲಿ ಸಂಕ್ರಮಣದಿಂದ ರಥಸಪ್ತಮಿಯ ತನಕ ಎಲ್ಲ ಮನೆಗಳಲ್ಲೂ ಕರೆಯುತ್ತಾರೆ. ಈ ಸಲ ನಾನು ಸಭಾಸದರ ಹೆಂಡತಿಯಲ್ಲವೇ, ಉಳಿದ ಸಭಾಸದರ ಮನೆಯವರನ್ನು ಕರೆಯಬೇಕಾಯಿತು. ಲೀಲಾಕ್ಷಿ, ಹಾಗಾದರೆ ಕಾರಕೂನರ ಮನೆಯವರನ್ನೂ ಕರೆಯೋಣ ಎಂದಳು. ಅತ್ತೆಯವರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಲ್ಲಿಂದಲೇ, "ಗಲ್ಲಿ ರಂಗೂನ್ನ ಯಾಕ ಬಿಟ್ರಿ? ಅಕೀನೂ ಮುತ್ತೈದಿನs ಅಲ್ಲೇನು?" ಎಂದರು.

"ಅತ್ತಿ, ಅಕೀನ ಎಲ್ಲೆ ಕುಂಡ್ರಸೂದ್ರಿ?"

"ಜಮಖಾನಿ ಮ್ಯಾಲ. ಕೊಳ್ಳಾಗ ಲಿಂಗ ಕಟಗೊಂಡು ಇಂಥಾ ಪ್ರಶ್ನಿ ಕೇಳತೀಯಲ್ಲ."

ಬಾಗಿಲ ಹತ್ತಿರ ಬೇರೆ ಚಾಪೆ ಹಾಕಿಟ್ಟಿದ್ದೆ. ಅತ್ತೆಯವರು ಅದನ್ನು ಸುತ್ತಿ ಮೂಲೆಗೆ ಇಟ್ಟರು.

ರಂಗೂಬಾಯಿ ಮೂವರು ಗೆಳತಿಯರ ಜೊತೆ ಬಂದಳು. ಹಸಿರು ಸೀರೆ, ತಲೆ ತುಂಬ ಶೇವಂತಿಗೆ. ಪೊರಕೆ ಇಲ್ಲದೆ ಅವಳನ್ನು ನಾನು ಗುರುತು ಹಿಡಿಯಲಿಲ್ಲ. ಹಣಕಾಸು ಸಮಿತಿಯ ಅಧ್ಯಕ್ಷರ ಹೆಂಡತಿ ರಾಧಾಬಾಯಿಯವರು ಮೊದಲೇ ಬಂದು ಕೂತಿದ್ದರು. ಇವಳು ಪಕ್ಕದಲ್ಲಿ ಕೂತಾಗ ಅವರು ಸೆರಗು ಎಳೆದುಕೊಂಡದ್ದನ್ನು ನೋಡಿದೆ. ಪನ್ನೀರು ಚಿಮುಕಿಸುವುದು ಬಿಟ್ಟು ನಾನು ಲೀಲಾಕ್ಷಿಯ ಕಡೆ ನೋಡಿದೆ.

ಲೀಲಾಕ್ಷಿ ಜಾಣೆ. "ಒಡಪು ಹೇಳದೆ ಯಾರಿಗೂ ಎಳ್ಳು ಕೊಡಂಗಿಲ್ಲ!" ಎಂದು ಕೂಗಿದಳು. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಬೇಕು. ಮನೆಯಾಕೆ ಎಂದು ಮೊದಲು ನನ್ನನ್ನೇ ನೂಕಿದರು. ಏನೂ ತಯಾರಿ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ:

"ಬ್ಯಾಡಗಿ ಮೆಣಸಿನಕಾಯಿ ನೋಡಾಕ ಕೆಂಪು, ತಿಂದ್ರ ಖಾರಿಲ್ಲ,
ನಮ್ಮ ಈರಬಸಪ್ಪನವರ ಸಿಟ್ಟು ಸಂಜೀತನಕಾ ಇರಂಗಿಲ್ಲ."

ಕನ್ನಡದವರು ನಕ್ಕರು. ಲೀಲಾಕ್ಷಿ ಅದನ್ನು ಮರಾಠಿಯಲ್ಲಿ ಹೇಳಿದಾಗ ಉಳಿದವರೂ ನಕ್ಕರು. ಆಮೇಲೆ ರಂಗೂಬಾಯಿ ಎದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೀಗೆ ಬರೆದುಕೊಳ್ಳುತ್ತೇನೆ:

"ಊರು ಗುಡಿಸಿದೆ, ಕಸ ಹೋಯಿತು. ಪಗಾರ ಬಂತು, ಅಂಗಡಿಯವ ಒಯ್ದ.
ತಿಂಗಳ ಕೊನೆಗೆ ನನ್ನ ಕೈಯಲ್ಲಿ ಉಳಿದ ಆಸ್ತಿ ಒಂದೇ, ನಮ್ಮ ಬಾಳೂರಾಯ!"

ಅಬ್ಬಾ, ಆ ನಗು! ರಾಧಾಬಾಯಿಯವರು ಕಣ್ಣೀರು ಬರುವಷ್ಟು ನಕ್ಕು ಪಕ್ಕದಲ್ಲಿದ್ದ ರಂಗೂಬಾಯಿಯ ಭುಜವನ್ನೇ ಹಿಡಿದುಕೊಂಡರು. ಹಿಡಿದದ್ದು ಅವರಿಗೇ ಗೊತ್ತಾಗಲಿಲ್ಲ ಎಂದು ತೋರುತ್ತದೆ. ನಗು ನಿಂತ ಮೇಲೆ, "ನಿಜವಾಗಿಯೂ ಏನೂ ಉಳಿಯುವುದಿಲ್ಲವೇ?" ಎಂದು ಕೇಳಿದರು. ರಂಗೂಬಾಯಿ ಸುಮ್ಮನೆ ತನ್ನ ಖಾಲಿ ಕಿವಿ ಮುಟ್ಟಿ ತೋರಿಸಿದಳು. ಓಲೆ ಹೋದ ತಿಂಗಳೇ ಗಿರವಿಗೆ ಹೋಗಿದ್ದವು.

ಮಾತು ತುಟ್ಟಿಯ ಕಾಲಕ್ಕೇ ಬಂತು. ಒಬ್ಬರು ಸಕ್ಕರೆ ಎಂದರು, ಒಬ್ಬರು ಚಿಮಣಿ ಎಣ್ಣೆ ಎಂದರು. ನಾನು ನನ್ನ ರೇಷನ್ ಅಳತೆಯ ವಿಚಾರ ಹೇಳಿಬಿಟ್ಟೆ. ರಾಧಾಬಾಯಿಯವರು ಎಳ್ಳು ಬಾಯಿಗೆ ಹಾಕುವುದನ್ನು ನಿಲ್ಲಿಸಿ ಕೇಳಿದರು. ಹೋಗುವಾಗ ಬಾಗಿಲಲ್ಲಿ, "ಬಜೆಟ್ಟಿನಲ್ಲಿ ಊರ ಉದ್ಯಾನದಲ್ಲೊಂದು ಕಾರಂಜಿ ಕಟ್ಟಿಸಲು ದೊಡ್ಡ ರಕಮು ಇಟ್ಟಿದ್ದಾರೆ. ನಳದಲ್ಲೇ ನೀರಿಲ್ಲ, ಕಾರಂಜಿಗೆ ಎಲ್ಲಿಂದ ತರುತ್ತಾರೆ ಎಂದು ನಾನು ಮನೆಯಲ್ಲಿ ಕೇಳುತ್ತಲೇ ಇದ್ದೇನೆ" ಎಂದರು.

ಒಳ್ಳೆಯ ಹೆಂಗಸು. ಅವರ ಮೂಗುಬೊಟ್ಟು ಭಾಳ ಚೆಂದ ಇದೆ.

ಫೆಬ್ರವರಿ ೨

ಒಲೆ ಬೇರೆ ಆಯಿತು.

ಸಂಘದವರು ಹನ್ನೊಂದನೆಯ ತಾರೀಖಿಗೆ ಒಂದು ದಿನದ ಮುಷ್ಕರ ಎಂದು ಪತ್ರ ಕೊಟ್ಟಿದ್ದಾರೆ. ಕೆಳಗೆ ಮೈದುನನ ಸಹಿ. ಇವರಿಗೆ ಅದು ನಗರಸಭೆಗೆ ಬಂದಂತೆ ಕಾಣಲಿಲ್ಲ, ತಮಗೇ ಬರೆದಂತೆ ಕಂಡಿತು. "ಅವರ ಪಾಡು ಅವರಿಗೆ, ನಮ್ಮ ಪಾಡು ನಮಗ" ಎಂದರು. ಲೀಲಾಕ್ಷಿ ಆಚೆ ಕೋಣೆಯಲ್ಲಿ ಇದ್ದಿಲ ಒಲೆ ಹೂಡಿದಳು. ನಾನು ಉಪ್ಪಿನ ಗಡಿಗೆಯಲ್ಲಿ ಅರ್ಧ ಅವಳಿಗೆ ಹಾಕಿ ಕೊಡುವಾಗ ಇಬ್ಬರೂ ಅತ್ತೆವು. ಅವಳು ಮದುವೆಯಾಗಿ ಬಂದ ದಿನದಿಂದ ಅವಳು ಮಾಡಿದ ಪಲ್ಯ ಇಲ್ಲದೆ ನಾನು ಉಂಡಿಲ್ಲ.

ಫೆಬ್ರವರಿ ೪

ಅತ್ತೆಯವರು ಈಗ ಎರಡೂ ಕಡೆ ಉಣ್ಣುತ್ತಾರೆ. "ಬ್ಯಾರೆ ಆದದ್ದು ಛಲೋ ಆತು" ಎನ್ನುತ್ತಾರೆ. ನಾನು ಮಾಡಿದ ಎಣ್ಣೆಗಾಯಿ ಅವರ ಸೆರಗಿನ ಕೆಳಗೆ ಆಚೆ ಹೋಗುತ್ತದೆ, ಲೀಲಾಕ್ಷಿಯ ಝುಣಕ ಈಚೆ ಬರುತ್ತದೆ. ಇವರು ಇವತ್ತು ಝುಣಕ ಬಾಯಲ್ಲಿಟ್ಟು ಅಗಿಯುವುದನ್ನು ನಿಲ್ಲಿಸಿದರು. ಯಾರ ಕೈಯದೆಂದು ತಿಳಿಯಿತು. ಮತ್ತೊಂದು ಸಲ ಹಾಕಿಸಿಕೊಂಡರು.

ಫೆಬ್ರವರಿ ೧೧

ಮುಷ್ಕರ.

ಬೆಳಿಗ್ಗೆ ಎದ್ದಾಗ ಗಲ್ಲಿ ಸುಮ್ಮನಿತ್ತು. ಪೊರಕೆಯ ಸಪ್ಪಳ ಇಲ್ಲದೆ ಬೆಳಗಾದಂತೆ ಅನಿಸಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಎಲ್ಲರ ಮನೆಯ ಕಸ ಸಭಾಸದರ ಬಾಗಿಲ ಮುಂದೆಯೇ ಬಂದು ಬಿತ್ತು. ಮಂದಿ ಬೇಕೆಂದೇ ಹಾಕಿದರು. ಬಾಳೆಯ ಎಲೆ, ಬೂದಿ, ಕಬ್ಬಿನ ಸಿಪ್ಪೆ, ಅದರ ಮೇಲೆ ಒಂದು ಹರಿದ ಗಾದಿ. ನಾಚಿಕೆಯಿಂದ ನಾನು ಪೊರಕೆ ಹಿಡಿದು ಹೊರಗೆ ಬಂದೆ. ಲೀಲಾಕ್ಷಿಯೂ ಬಂದಳು. ನಾಲ್ಕು ಸಲ ಎಳೆದಿರಬಹುದು, ಗಲ್ಲಿಯ ತುದಿಯಿಂದ ರಂಗೂಬಾಯಿ ಓಡುತ್ತ ಬಂದರು.

"ಬಾಯೀ, ಬಾಯೀ, ನಿಲ್ಲಿಸಿರಿ! ನೀವೇ ಗುಡಿಸಿದರೆ ನಮ್ಮ ಸಂಪು ಮುರಿದುಹೋಗುತ್ತದೆ!"

ನನಗೆ ಅದು ಹೊಳೆದೇ ಇರಲಿಲ್ಲ. ಪೊರಕೆ ಕೆಳಗಿಟ್ಟೆ. ಅವರು ಸೊಂಟದ ಮೇಲೆ ಕೈ ಇಟ್ಟು ನಾನು ಗುಡಿಸಿದ್ದನ್ನು ನೋಡಿ, "ಅಲ್ಲದೆ ಇದು ಗುಡಿಸುವುದಲ್ಲ, ಧೂಳಿಗೆ ಜೋಗುಳ ಹಾಡುವುದು" ಎಂದರು. ಮೂವರೂ ಕಸದ ಪಕ್ಕದಲ್ಲೇ ನಿಂತು ನಕ್ಕೆವು.

ಅಷ್ಟರಲ್ಲಿ ಇವರು ಅಂಗಡಿಯ ಹಮಾಲನನ್ನು ಕರೆದುಕೊಂಡು ಬಂದರು. "ಎತ್ತಿ ಒಗಿ ಇದನ್ನ" ಎಂದು ಅವನಿಗೆ ಹೇಳಿದರು.

ನಾನು ಮುಂದೆ ಬಂದು ನಿಂತೆ. ಹೇಗೆ ಬಂದೆನೋ. "ಯಾರೂ ಮುಟ್ಟಬಾರದ್ರಿ. ನಾಳೆ ಅವರs ಬಂದು ಎತ್ತತಾರ."

"ಮಂದಿ ನೋಡಾಕತ್ತಾರ, ಚನ್ನವ್ವಾ."

"ನೋಡ್ಲಿ ಬಿಡ್ರಿ. ದಿನಾ ಎತ್ತುವರನ್ನ ಒಂದಿನಾನೂ ನೋಡಿಲ್ಲ, ಕಸಾನರs ನೋಡ್ಲಿ."

ಇವರು ನನ್ನನ್ನು ನೋಡಿದರು, ರಂಗೂಬಾಯಿಯವರನ್ನು ನೋಡಿದರು, ಗಾದಿಯನ್ನು ನೋಡಿದರು. ಹಮಾಲನನ್ನು ಕರೆದುಕೊಂಡು ಬಂದ ದಾರಿಯಲ್ಲೇ ಹೋದರು. ಮಂದಿಯ ಮುಂದೆ ಗಂಡನ ಮಾತು ತೆಗೆದುಹಾಕಿದೆನಲ್ಲ. ಸಿಟ್ಟು ಮಾಡುತ್ತಾರೆಂದು ಹೆದರಿ ಇವರಿಗಿಷ್ಟವಾದ ಹೂರಣದ ಹೋಳಿಗೆ ಮಾಡಿದೆ. ತಿಂದರು. ಸಿಟ್ಟು ಮಾಡಲಿಲ್ಲ.

ಫೆಬ್ರವರಿ ೧೨

ನಸುಕಿನಲ್ಲಿ ಪೊರಕೆಯ ಸಪ್ಪಳ ಕೇಳಿ ಎಚ್ಚರವಾಯಿತು. ಎಂಥ ಚೆಂದದ ಸಪ್ಪಳ!

ಇವರು ಇವತ್ತು ಅಂಗಡಿಗೆ ಹೋಗಲಿಲ್ಲ. ರಾಧಾಬಾಯಿಯವರ ಯಜಮಾನರು ನಿನ್ನೆ ಅಂಗಡಿಗೇ ಬಂದಿದ್ದರಂತೆ. ಮನೆಯಲ್ಲಿ ದಿನಾಲೂ ಕಾರಂಜಿಯ ಮಾತು ಕೇಳಿ ಕೇಳಿ ಸಾಕಾಗಿದೆ, ಯಾರಾದರೂ ಹೊಸ ಠರಾವು ತಂದರೆ ಬೆಂಬಲ ಕೊಡುತ್ತೇನೆ ಎಂದರಂತೆ. ಮಧ್ಯಾಹ್ನ ಊಟವಾದ ಮೇಲೆ ಇವರು ಪಡಸಾಲೆಯಲ್ಲಿ ಕೂತು, "ಅವತ್ತು ನೀ ಏನೋ ರೇಷನ್ ಅಳತಿ ಅಂತ ಹೇಳಿದ್ದೆಲ್ಲ, ಇನ್ನೊಮ್ಮೆ ಹೇಳು" ಎಂದರು. ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

"ಕಾರ್ಯದರ್ಶಿಗಳನ್ನ ಕೇಳಿ ಬಾ. ಎಲ್ಲಾರಿಗೂ ಒಂದs ರಕಮು ಆದ್ರ ಕಾರಕೂನರು ಒಪ್ಪತಾರೇನು? ಐದು ರೂಪಾಯಿ. ಒಂದು ದುಡ್ಡು ಹೆಚ್ಚಿಲ್ಲ. ಆ ಹಟಮಾರಿಗೆ ಹಿಂಗs ಹೇಳು."

ನಾನು ಅಂಗಳ ದಾಟಿ ಹೋದೆ. ಅಲ್ಲಿಂದ ಲೀಲಾಕ್ಷಿ ಬರುತ್ತಿದ್ದಳು. ನಳದ ಕಟ್ಟೆಯ ಹತ್ತಿರ ಭೇಟಿಯಾದೆವು. ಮೈದುನನೂ ಅವಳನ್ನು ಕಳಿಸಿದ್ದ. "ಅಕ್ಕಾ, ಒಂದs ಅಳತಿ ಅಂತ ಸಂಘದಾಗ ನಿನ್ನೆ ನಮ್ಮವರs ಹೇಳ್ಯಾರಂತ. ತಮ್ಮs ವಿಚಾರ ಅಂತ! ಹತ್ತು ರೂಪಾಯಿ ಆದ್ರ ಒಪ್ಪತಾರಂತ. ಕಡಿಮಿ ಆದ್ರ ಮಾತs ಇಲ್ಲಂತ, ಆ ಜಿಪುಣ ಸಭಾಸದರಿಗೆ ಹೇಳು ಅಂದ್ರು."

"ಜಿಪುಣ ಅಂದದ್ದು ಹೇಳಬೇಕೇನ?"

"ಬ್ಯಾಡ ಬಿಡ್ರಿ. ನೀವೂ ಏನರ ಬಿಡ್ರಿ."

ನಾನು ಹಟಮಾರಿ ಎಂಬುದನ್ನು ಬಿಟ್ಟೆ. ಇಬ್ಬರೂ ಹಿಂದಿರುಗಿದೆವು. ನಾನು ಇವರಿಗೆ, "ಹತ್ತು ಅಂತಾರ, ಆದ್ರ ನೀವು ಒಂದು ಹೆಜ್ಜಿ ಮುಂದ ಬಂದ್ರ ಅವರೂ ಇಳೀತಾರ" ಎಂದೆ. ಲೀಲಾಕ್ಷಿ ಅಲ್ಲಿ, "ಐದು ಅಂತಾರ, ಆದ್ರ ಅಣ್ಣಾವ್ರ ಮನಸ್ಸು ಮೆತ್ತಗಾಗೇದ" ಎಂದಳಂತೆ. ಹೀಗೆ ಎಷ್ಟು ಸಲ ಅಂಗಳ ದಾಟಿದೆವೋ. ಇವರು ಆರಕ್ಕೆ ಬಂದರು, ಅವನು ಎಂಟಕ್ಕೆ. ಅಲ್ಲಿ ಇಬ್ಬರೂ ಗೂಟ ಬಡಿದು ನಿಂತರು. ಇವರು, ಆರರ ಮೇಲೆ ಒಂದು ರೂಪಾಯಿ ಕೊಟ್ಟರೂ ಕಾರಂಜಿಯ ದುಡ್ಡು ಸಾಲದು, ಜಕಾತಿ ಏರಿಸಲೇಬೇಕು, ಅದು ತಮ್ಮ ಕೈಯಿಂದ ಆಗದು ಎಂದರು.

ನಳದ ಕಟ್ಟೆಯ ಮೇಲೆ ನಾವಿಬ್ಬರೂ ಕೂತುಬಿಟ್ಟೆವು. ಕಾಲು ಸೋತಿದ್ದವು.

"ಏಳು ಆದ್ರ ನಿನಗ ನಡೀತದೇನ, ಲೀಲಾ? ನಿಮ್ಮವರ ಅರವತ್ತು ರೂಪಾಯಿ ಪಗಾರಕ್ಕ ಅರ್ಜಿ ಪ್ರಕಾರ ಹದಿನೈದು ಬರಬೇಕಿತ್ತು."

ಅವಳು ಬಳೆ ತಿರುವಿದಳು. "ರಂಗೂಬಾಯಿ ಕಿವಿ ನೋಡಿದ ಮ್ಯಾಲ ನಡೀತದ ಅಕ್ಕಾ. ನಿಮಗ? ಜಕಾತಿ ಏರಿದ್ರ ಪೇಠ್ಯಾಗ ಅಣ್ಣಾವ್ರನ್ನ ಬೈತಾರಲ್ಲ."

"ಬೈಲಿ. ಬೈದವರ ಮನ್ಯಾಗೂ ಕಸ ಎತ್ತಾಕ ರಂಗೂಬಾಯಿನs ಬೇಕು."

ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ರಾಶಿಯ ಹಿಂದೆ ಅತ್ತೆಯವರು ಇದ್ದದ್ದು ನಮಗೆ ಮರೆತೇ ಹೋಗಿತ್ತು. "ಏಳು. ಆತಿಲ್ಲ? ಇನ್ನ ಹೋಗಿ ಗಂಡಸರಿಗೆ ತಾವು ಏನಂತ ತೀರ್ಮಾನ ಮಾಡ್ಯಾರ ಅನ್ನೂದು ಹೇಳಿ ಬರ್ರಿ" ಎಂದರು.

ಹೋಗಿ ಹೇಳಿದೆವು. ಇವರು ಬೆರಳು ಮಡಚಿ ಎಣಿಸಿ, "ಆರು ಕಡಿಮಿ, ಎಂಟು ಹೆಚ್ಚು. ಏಳು ಅಂತ ನಾ ಮೊದಲs ಅಂದುಕೊಂಡಿದ್ದೆ" ಎಂದರು. ಮೈದುನನೂ ಆಚೆ ಅದನ್ನೇ ಅಂದನಂತೆ.

ನಾವೇನೂ ಮಾಡಲಿಲ್ಲ. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ಹೇಳಿದೆವು, ಅಷ್ಟೇ. ಕಾಲು ಮಾತ್ರ ಬಹಳ ನೋಯುತ್ತಿವೆ.

ಫೆಬ್ರವರಿ ೧೯

ಸಂಘದ ಸಭೆಯಲ್ಲಿ ಕಾರಕೂನರು ಮೈದುನನಿಗೆ ಬಾಯಿಗೆ ಬಂದಂತೆ ಬೈದರಂತೆ, ನಮ್ಮ ಪಾಲು ತೆಗೆದು ಜಾಡಮಾಲಿಗಳಿಗೆ ಕೊಟ್ಟೆ ಎಂದು. ಅವನು ಕೂತುಕೊಳ್ಳದೆ ನಿಂತೇ ಇದ್ದನಂತೆ. ಕೊನೆಗೆ ಒಪ್ಪಿದರಂತೆ. ಮನೆಗೆ ಬಂದಾಗ ಮುಖ ಸಣ್ಣಗಾಗಿತ್ತು. ಇವರು ಪಡಸಾಲೆಯಿಂದ ಅವನನ್ನೇ ನೋಡುತ್ತಿದ್ದರು. ಚಹಾ ಮಾಡಿ ಕೊಡು ಎಂದು ನನಗೆ ಕೈಸನ್ನೆ ಮಾಡಿದರು. ಯಾರು ಹೇಳಿದ್ದೆಂದು ತಿಳಿಸಬೇಡ ಎಂದೂ ಸನ್ನೆ ಮಾಡಿದರು.

ಫೆಬ್ರವರಿ ೨೬

ನಗರಸಭೆಯ ಗ್ಯಾಲರಿಯಲ್ಲಿ ಕೂತು ಬಂದೆ! ಲೀಲಾಕ್ಷಿ, ಅತ್ತೆಯವರು, ರಾಧಾಬಾಯಿಯವರು, ರಂಗೂಬಾಯಿಯವರು ಮತ್ತು ಅವರ ಗೆಳತಿಯರು, ಎಲ್ಲರೂ ಒಂದೇ ಉದ್ದನೆಯ ಮರದ ಬಾಕಿನ ಮೇಲೆ ಒತ್ತಾಗಿ ಕೂತಿದ್ದೆವು. ಆಚೆ ಬಾಕುಗಳಲ್ಲಿ ಪೇಠದ ವ್ಯಾಪಾರಸ್ಥರು. ಕಂಬದ ಹತ್ತಿರ ಮೈದುನ ಒಬ್ಬನೇ ನಿಂತಿದ್ದ.

ಇವರು ಎದ್ದರು. ಜರಿಯ ರುಮಾಲು, ಕರಿಯ ಕೋಟು. ಮನೆಯಲ್ಲಿ ನನಗೆ ಎರಡು ಸಲ ಓದಿ ತೋರಿಸಿದ್ದ ಮರಾಠಿ ಭಾಷಣದ ಕಾಗದ ಕೈಯಲ್ಲಿತ್ತು, ಆದರೆ ಅದನ್ನು ನೋಡಲೇ ಇಲ್ಲ. ನೂರು ರೂಪಾಯಿಯ ತನಕ ಪಗಾರ ಇರುವ ಎಲ್ಲ ನೌಕರರಿಗೂ ತಿಂಗಳಿಗೆ ಏಳು ರೂಪಾಯಿ, ಒಂದೇ ಅಳತೆ. ಕಾರಂಜಿ ಈ ವರ್ಷ ಬೇಡ. ಇಷ್ಟರ ತನಕ ಎಲ್ಲರೂ ತಲೆ ಆಡಿಸಿದರು.

"ಕಡಿಮೆ ಬೀಳುವ ದುಡ್ಡಿಗೆ ಜಕಾತಿ ಏರಿಸಬೇಕಾಗುತ್ತದೆ," ಎಂದರು ಇವರು. ಗ್ಯಾಲರಿಯಲ್ಲಿ ಗದ್ದಲ ಎದ್ದಿತು. "ಏರಿಸುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಆ ಮಾತು ಮುರಿಯುತ್ತಿದ್ದೇನೆ. ಮುರಿಯುವುದಾದರೆ ನನ್ನ ಮಾಲಿನಿಂದಲೇ ಮುರಿಯುತ್ತೇನೆ. ಮೊದಲು ಮೆಣಸಿನಕಾಯಿಯ ಮೇಲೆ ಏರಿಸಿರಿ. ಬರುವ ಚುನಾವಣೆಯಲ್ಲಿ ಪೇಠದವರು ನನ್ನನ್ನು ಮನೆಗೆ ಕಳಿಸಲಿ, ಬೇಜಾರಿಲ್ಲ. ನನ್ನ ಮನಿ ಛಲೋ ಅದ."

ಕೊನೆಯ ಮಾತು ಕನ್ನಡದಲ್ಲೇ ಬಂದುಬಿಟ್ಟಿತು. ಯಾರಿಗೆ ತಿಳಿಯಿತೋ ಬಿಟ್ಟಿತೋ. ನನಗೆ ತಿಳಿಯಿತು.

ವ್ಯಾಪಾರಸ್ಥರು ಕೂಗಿದರು. ಒಬ್ಬರು ಎದ್ದು ಹೊರಗೇ ಹೋದರು. ನಗರಸಭೆಯ ಅಧ್ಯಕ್ಷರು ಗಂಟೆ ಬಾರಿಸಿ ಕೈ ಎತ್ತಲು ಹೇಳಿದರು. ಎಣಿಸಲು ಹೋದೆ, ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. ಠರಾವು ಪಾಸು ಎಂದಾಗ ರಂಗೂಬಾಯಿಯವರು ನನ್ನನ್ನು ಅಪ್ಪಿಕೊಂಡು ಎತ್ತಿಯೇ ಬಿಟ್ಟರು. ನಾನು ಹಗುರದ ಹೆಂಗಸಲ್ಲ. ಬಾಕು ಉರುಳಿತು. ಅಧ್ಯಕ್ಷರು ಮತ್ತೆ ಗಂಟೆ ಬಾರಿಸಿದರು, ಆದರೆ ಅವರೂ ನಗುತ್ತಿದ್ದರು.

ಹೊರಗೆ ಮೆಟ್ಟಿಲ ಮೇಲೆ ನೌಕರರು ಮೈದುನನಿಗೆ ಹಾರ ಹಾಕಿದ್ದರು. ಇವರು ಇಳಿದು ಬಂದರು. ಮಂದಿ ಸರಿದು ದಾರಿ ಬಿಟ್ಟಿತು. ಇಬ್ಬರೂ ಎದುರುಬದುರು ನಿಂತರು. ಇವರು ನನ್ನ ಕಡೆ ತಿರುಗಿ, "ಚನ್ನವ್ವಾ, ಕಾರ್ಯದರ್ಶಿಗಳಿಗೆ ಹೇಳು..." ಎಂದರು. ಅಷ್ಟಕ್ಕೇ ನಿಂತರು. ತಮ್ಮನ ಕಡೆ ತಿರುಗಿದರು.

"ಮುರಗ್ಯಾ," ಎಂದರು. "ಹಸಿವಿ ಆಗೇದ. ನಡಿ ಮನೀಗೆ."

"ನಡಿ ಅಣ್ಣಾ," ಎಂದ ಅವನು.

ಟಾಂಗಾದಲ್ಲಿ ಇಬ್ಬರೂ ಮುಂದೆ ಕೂತು ದಾರಿಯುದ್ದಕ್ಕೂ ಮಾತಾಡಿದರು. ಸುಮಾರು ಎರಡು ತಿಂಗಳ ಮಾತು ಒಟ್ಟಿಗೆ ಬಂತು. ಹಿಂದೆ ನಾವು ಮೂವರು ಸುಮ್ಮನೆ ಕೂತಿದ್ದೆವು, ನಮಗೆ ಬಾಯಿ ಹಾಕಲು ಸಂದೇ ಸಿಗಲಿಲ್ಲ. ಮನೆಗೆ ಬಂದೊಡನೆ ಲೀಲಾಕ್ಷಿ ತನ್ನ ಹಿಟ್ಟಿನ ಡಬ್ಬಿ ಹೊತ್ತುಕೊಂಡು ದೊಡ್ಡ ಅಡಿಗೆಮನೆಗೆ ಬಂದಳು. ಅವಳು ರೊಟ್ಟಿ ಬಡಿದಳು, ನಾನು ಬೇಯಿಸಿದೆ.

ಅತ್ತೆಯವರೊಬ್ಬರಿಗೇ ಸ್ವಲ್ಪ ಬೇಸರ, ಇನ್ನು ಒಂದೇ ಊಟ ಎಂದು.

ಮಾರ್ಚ್ ೧೨

ಬರೆಯಲು ಬಿಡುವೇ ಇಲ್ಲ. ಅಂಗಡಿಗೆ ಒಂದು ವಾರ ಗಿರಾಕಿ ಕಡಿಮೆ ಇದ್ದರು, ಈಗ ಬರುತ್ತಿದ್ದಾರೆ. ಇವರ ಮೇಲೆ ಸಿಟ್ಟಿದ್ದರೂ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಯಾರಿಗೂ ಸಿಟ್ಟಿಲ್ಲ.

ಇವತ್ತು ಬೆಳಿಗ್ಗೆ ಇವರು ಸಭೆಗೆ ಹೊರಟಿದ್ದರು. ಕೋಟಿನ ಒಂದು ತೋಳು ಹಾಕಿಕೊಂಡು, ಇನ್ನೊಂದು ಹಾಕುವ ಮೊದಲು, "ನಳದ ಪಟ್ಟಿ ಏರಸೂದು ಅಂತ ಮಾಡ್ಯಾರ. ನಿನಗೇನ ಅನಸ್ತದ?" ಎಂದು ಕೇಳಿದರು.

"ನನಗೇನ ತಿಳೀತದರೀ ಮುನ್ಸಿಪಾಲ್ಟಿ ವಿಷಯ," ಎಂದೆ. ಮನೆಯಲ್ಲಿ ನಳ ಇದ್ದವರಿಗೂ ಗಲ್ಲಿಯ ನಳದಲ್ಲಿ ಕೊಡ ಹಿಡಿದು ನಿಲ್ಲುವವರಿಗೂ ನೀರಿನ ಕರ ಒಂದೇ ಹೇಗಾಗುತ್ತದೆ ಎಂದಷ್ಟೇ ಕೇಳಿದೆ. ಮೇಲಿನ ಪೇಠಗಳಲ್ಲಿ ನೀರು ಮಧ್ಯಾಹ್ನವೂ ಬರುತ್ತದೆ, ನಮ್ಮಲ್ಲಿ ನಸುಕಿನಲ್ಲೇ ನಿಲ್ಲುತ್ತದೆ, ಮೊದಲು ಅದನ್ನು ಸರಿ ಮಾಡಲಿ ಎಂದೆ. ರಾಧಾಬಾಯಿಯವರೂ ಹೀಗೇ ಹೇಳುತ್ತಾರೆ ಎಂದೆ. ಇನ್ನೂ ಒಂದೆರಡು ಮಾತು ಹೇಳಿರಬಹುದು. ಇವರು ಒಂದೇ ತೋಳಿನಲ್ಲಿ ನಿಂತಿದ್ದರು. ಬಾಗಿಲಲ್ಲಿ ಮೈದುನ ಸೈಕಲ್ಲು ಹಿಡಿದು ನಿಂತಿದ್ದ. ಒಲೆಯ ಮೇಲಿನ ಹಾಲು ಉಕ್ಕಿತು, ಇಬ್ಬರ ಚಹಾ ಆರಿ ಹೋಯಿತು.

ಕೊನೆಗೆ ಇಬ್ಬರೂ ತಡವಾಯಿತೆಂದು ಓಡಿದರು. ಗಂಡಸರು ವೇಳೆಗೆ ಸರಿಯಾಗಿ ಯಾಕೆ ಹೊರಡುವುದಿಲ್ಲವೋ, ನನಗಂತೂ ತಿಳಿಯುವುದಿಲ್ಲ.